ಬೆಲ್ಟ್ ಉಂಟು, ಸಿಕ್ಕಿಸಲು ಜಾಗವಿಲ್ಲ

ಬೆಂಗಳೂರಿನಲ್ಲಿ ಮೇಲೇಳುತ್ತಿರುವ ಕಟ್ಟಡಗಳ ಸಾರುವೆಯತ್ತ ಕತ್ತೆತ್ತಿ ನೋಡಿದರೆ ಸೇಫ್ಟಿ ಬೆಲ್ಟ್ ತೊಟ್ಟ ಕಾರ್ಮಿಕರು ಕಾಣುತ್ತಾರೆ. ತುಸು ದಿಟ್ಟಿಸಿದರೆ, ಎಷ್ಟೋ ಜನರ ಬೆಲ್ಟಿನ ಕೊಕ್ಕೆ ಅದೇ ಬೆಲ್ಟಿಗೆ ಸಿಕ್ಕಿಕೊಂಡಿರುವುದೂ ಕಾಣುತ್ತದೆ. ಮನುಷ್ಯನು ತನ್ನನ್ನು ತಾನೇ ಹಿಡಿದುಕೊಂಡರೆ ಬೀಳುವುದಿಲ್ಲವೆಂಬ ಈ ಸ್ವಾವಲಂಬನೆಯ ಸಿದ್ಧಾಂತ ಪಾಪ, ನ್ಯೂಟನ್‌ಗೆ ಹೊಳೆದಿರಲಿಲ್ಲ.

ಕೊಕ್ಕೆಯನ್ನು ಮತ್ತೆಲ್ಲಿಗೆ ಸಿಕ್ಕಿಸಬೇಕೆಂದು ಕೇಳುವುದು ಅಧಿಕಪ್ರಸಂಗವಾದೀತು. ಅದಕ್ಕೆ ಗಟ್ಟಿ ಆಧಾರಗಳ ನಡುವೆ ಬಿಗಿದ ಲೈಫ್‌ಲೈನ್ ಎಂಬ ಹಗ್ಗ ಬೇಕು, ಕೆಲಸ ಮುಂದೆ ಸರಿದಂತೆ ಅದನ್ನೂ ಸರಿಸಬೇಕು. ಗುತ್ತಿಗೆಯ ಲೆಕ್ಕದಲ್ಲಿ ಇದೆಲ್ಲ ಕಾಲಹರಣ. ಬೆಲ್ಟಿಗಾದರೆ ಬಿಲ್ಲಿದೆ, ಫೋಟೊದಲ್ಲಿ ಅಚ್ಚುಕಟ್ಟಾಗಿ ಕಾಣುವ ಗುಣವೂ ಇದೆ. ತಪಾಸಣೆಯ ದಿನ ಅದು ಮದುವೆ ಮನೆಯ ಪೇಟದಂತೆ ಎಲ್ಲರಿಗೂ ಹಂಚಿಕೆಯಾಗಿ, ಸಂಜೆ ಸ್ಟೋರ್ ರೂಮಿಗೆ ಮರಳುತ್ತದೆ.

ಇನ್ನೂ ಶ್ರದ್ಧಾವಂತ ಸೈಟುಗಳಲ್ಲಿ ಕೊಕ್ಕೆಯನ್ನು ಕಾಲಬುಡದ ಪೈಪಿಗೆ ಹಾಕಿಸುತ್ತಾರೆ. ಬೆಲ್ಟಿಗೂ ಕೊಕ್ಕೆಗೂ ನಡುವಿನ ಸುಮಾರು 1.8 ಮೀಟರಿನ ಹಗ್ಗ ಅಲ್ಲಿಂದ ಕೆಳಕ್ಕೆ ಪೂರ್ತಿ ಬಿಗಿಯುವಷ್ಟರಲ್ಲಿ, ಬೆನ್ನಿನ ಉಂಗುರದಿಂದ ಜೋತ ಮನುಷ್ಯನ ಪಾದಗಳು 3 ಮೀಟರ್ ಕೆಳಗಿನ ನೆಲವನ್ನು ತಲುಪಿಯೇ ಇರುತ್ತವೆ. ತಲೆಗಿಂತ ಮೇಲೆ ಸಿಕ್ಕಿಸಿದ್ದರೆ ಬೀಳುವ ದೂರವೇ ಕಡಿಮೆಯಾಗುತ್ತಿತ್ತು. ಆದರೆ ತಲೆಯ ಮೇಲೆ ಇರುವುದು ಆಕಾಶ, ಆಕಾಶಕ್ಕೆ ಕೊಂಡಿ ಕೂರಿಸಲು ಟೆಂಡರ್ ಕರೆದಿಲ್ಲ.

ಕಾನೂನು ಸುಮ್ಮನಿತ್ತೆಂದು ಯಾರೂ ದೂರುವಂತಿಲ್ಲ. 500 ಅಥವಾ ಹೆಚ್ಚು ಕಾರ್ಮಿಕರಿರುವಲ್ಲಿ ಸುರಕ್ಷತಾ ಸಮಿತಿ ಇರಬೇಕೆಂದು 1996ರ ಕಟ್ಟಡ ಕಾರ್ಮಿಕರ ಕಾಯ್ದೆ ವಿಧಿಸಿತು. 499 ಜನರಿದ್ದಲ್ಲಿ ಗುರುತ್ವಾಕರ್ಷಣೆ ರಜೆ ಹಾಕುತ್ತಿತ್ತೆಂದು ನಾವು ತಿಳಿಯಬೇಕು. ಪ್ರತಿ ಮಾರ್ಚ್ 4ರಂದು, ಅಂದರೆ ರಾಷ್ಟ್ರೀಯ ಸುರಕ್ಷತಾ ದಿನದಂದು, ಶಾಮಿಯಾನದ ಕೆಳಗೆ ಪ್ರತಿಜ್ಞೆಯೂ ಆಗುತ್ತದೆ. ಬಿಹಾರ, ಒಡಿಶಾ, ರಾಯಚೂರುಗಳಿಂದ ಬಂದವರು ಇಂಗ್ಲಿಷಿನ ಆ ಪ್ರತಿಜ್ಞೆಗೆ ಕೈ ಮುಂದೆ ಚಾಚಿ ನಿಲ್ಲುತ್ತಾರೆ. ಅಷ್ಟು ಹೊತ್ತು ಅವರು ನೆಲದ ಮೇಲೆಯೇ ಇರುವುದರಿಂದ ಆ ಕಾರ್ಯಕ್ರಮ ನೂರಕ್ಕೆ ನೂರು ಸುರಕ್ಷಿತ.

ಇಷ್ಟರ ನಂತರವೂ ಒಬ್ಬ ಬಿದ್ದರೆ? ಹತ್ತು ಮೀಟರ್ ಎತ್ತರದಿಂದ ನೆಲ ಸೇರಲು ಒಂದೂವರೆ ಸೆಕೆಂಡೂ ಬೇಡ. 'ಕಾರ್ಮಿಕನ ನಿರ್ಲಕ್ಷ್ಯ' ಎಂಬ ವರದಿ ಸಿದ್ಧವಾಗಲು ಅದಕ್ಕಿಂತ ತುಸು ಹೆಚ್ಚು ಹೊತ್ತು ಹಿಡಿಯುತ್ತದೆ, ಅಷ್ಟೆ. ಬೀಳುವವನನ್ನು ಒಮ್ಮೆ ತಡೆದ ಬೆಲ್ಟನ್ನು ಮತ್ತೆ ಬಳಸಬಾರದೆಂಬ ನಿಯಮವೊಂದಿದೆ. ಈ ಬೆಲ್ಟ್ ಯಾರನ್ನೂ ತಡೆದಿಲ್ಲವಾದ್ದರಿಂದ ನಿಯಮಾನುಸಾರ ಹೊಸದರಷ್ಟೇ ಯೋಗ್ಯ. ಮರುದಿನ ಬೆಳಿಗ್ಗೆ ರಿಜಿಸ್ಟರಿನಲ್ಲಿ ಹೆಬ್ಬೆಟ್ಟು ಒತ್ತಿಸಿಕೊಂಡು ಅದನ್ನು ಮುಂದಿನವನಿಗೆ ಕೊಡಲಾಗುತ್ತದೆ.