ಜಮಖಾನೆ ಇದ್ದರೂ ಸಾಕು

ಹೊಟ್ಟೆ, ಬೆನ್ನು ಗಟ್ಟಿ ಮಾಡುವ ಪಿಲಾಟಿಸ್ ಕಸರತ್ತಿನ ಬಗ್ಗೆ ನಿಮ್ಮ ಲೇಖನ ಓದಿದೆ. ಅದಕ್ಕೆ ರಿಫಾರ್ಮರ್ ಮಷಿನ್ (ಸ್ಪ್ರಿಂಗ್ ಕಟ್ಟಿದ, ಜಾರುವ ಹಲಗೆಯ ಸಾಧನ) ಇರುವ ಸ್ಟುಡಿಯೊನೇ ಬೇಕು ಅನ್ನೋ ಹಾಗೆ ಬರೆದಿದ್ದೀರಿ. ದಾವಣಗೆರೆಯಲ್ಲಿ ಮನೆ, ಅಂಗಡಿ ಎರಡೂ ನೋಡಿಕೊಳ್ಳುವ ನನ್ನಂಥವರಿಗೆ ಅಷ್ಟು ದುಡ್ಡೂ ಇಲ್ಲ, ಪುರುಸೊತ್ತೂ ಇಲ್ಲ. ಇದನ್ನು ಹುಟ್ಟುಹಾಕಿದ ಜೋಸೆಫ್ ಪಿಲಾಟಿಸ್ ಮೊದಲನೇ ಮಹಾಯುದ್ಧದ ಕಾಲಕ್ಕೆ ಬ್ರಿಟನ್ನಿನ ಶಿಬಿರದಲ್ಲಿ ಬಂದಿಯಾಗಿದ್ದಾಗ ಜೊತೆಯವರಿಗೆ ಕಲಿಸಿದ್ದು ನೆಲದ ಮೇಲಿನ ಕಸರತ್ತನ್ನೇ ಅಲ್ವಾ?

ನಾನು ಬೆಳಿಗ್ಗೆ ಕುಕ್ಕರ್ ಇಟ್ಟು, ಜಮಖಾನೆ ಮಡಚಿ ಹಾಸಿ ‘ಹಂಡ್ರೆಡ್’ ಅನ್ನೋ ಪಿಲಾಟಿಸ್ ಕಸರತ್ತು ಮಾಡುತ್ತೇನೆ. ಅಂಗಾತ ಮಲಗಿ, ತಲೆ, ಭುಜ ಎತ್ತಿ, ಕೈ ಮೇಲೆ ಕೆಳಗೆ ಆಡಿಸುತ್ತಾ 5 ಎಣಿಸುವಷ್ಟು ಉಸಿರು ಒಳಗೆ, 5 ಎಣಿಸುವಷ್ಟು ಹೊರಗೆ. ಹೀಗೆ 10 ಸಲ. ಕತ್ತು ಹಿಡಿದರೆ ತಲೆ ನೆಲಕ್ಕಿಟ್ಟೇ ಮಾಡಬಹುದು. ಸೊಂಟ ನೋವಿದ್ದವರು ಮಾತ್ರ ಡಾಕ್ಟರನ್ನು ಕೇಳಿ ಶುರು ಮಾಡಿ. ಭಾನುವಾರದ ಬೆಣ್ಣೆದೋಸೆ ಬಿಡೋ ಮಾತೇ ಇಲ್ಲ ಬಿಡಿ! ಮುಂದಿನ ಸಲ ಹೀಗೆ ನೆಲದ ಮೇಲೆ ಮಾಡುವ ಮ್ಯಾಟ್ ಪಿಲಾಟಿಸ್ ಬಗ್ಗೆನೂ ಬರೆಯಿರಿ.