ಎಲ್ಲರೂ ನಿರ್ಣಾಯಕ, ನಾವು ಮಾತ್ರ ಇತರೆ

ಮುದ್ದೆ ಮುರಿದು ಸಾರಿಗೆ ಅದ್ದಿದ್ದೆ ಅಷ್ಟೇ, ಫೋನ್ ಬಂತು. ಗೊತ್ತಿಲ್ಲದ ನಂಬರು. ಎಡಗೈಯಲ್ಲಿ ಎತ್ತಿದೆ. ರೆಕಾರ್ಡ್ ಮಾಡಿದ ಒಂದು ಹೆಣ್ಣುದನಿ ಬಹಳ ಪ್ರೀತಿಯಿಂದ ಕೇಳಿತು: ‘ಇಂದೇ ಚುನಾವಣೆ ನಡೆದರೆ ನಿಮ್ಮ ಕ್ಷೇತ್ರದಲ್ಲಿ ಯಾರಿಗೆ ಮತ ಹಾಕುತ್ತೀರಿ?’

ಇವತ್ತೇ ಯಾಕಮ್ಮ ನಡೆಯುತ್ತೆ? ವಿಧಾನಸಭೆ ಚುನಾವಣೆ ಇರುವುದು 2028ರಲ್ಲಿ. ಆದರೆ ರೆಕಾರ್ಡಿನ ಜೊತೆ ಜಗಳ ಆಡೋಕಾಗುತ್ತಾ? ಯಾವುದೋ ಒಂದು ಒತ್ತಿದೆ. ವಯಸ್ಸು ಕೇಳಿತು, ಒತ್ತಿದೆ. ಗಂಡೋ ಹೆಣ್ಣೋ ಕೇಳಿತು, ಒತ್ತಿದೆ. ಕೊನೆಗೆ ಜಾತಿ. ಒಂದಾದ ಮೇಲೊಂದು ಹೆಸರು ಓದುತ್ತಾ ಹೋಯಿತು. ನಮ್ಮದು ಬರಲೇ ಇಲ್ಲ. ‘ಇತರೆ ಆಗಿದ್ದಲ್ಲಿ 9 ಒತ್ತಿ.’ ಒತ್ತಿದೆ. ಫೋನ್ ಕಟ್ ಆಯಿತು. ಒಂದು ಥ್ಯಾಂಕ್ಸ್ ಕೂಡ ಇಲ್ಲ.

ಅಷ್ಟರಲ್ಲಿ ಮುದ್ದೆ ಆರಿ ಕಲ್ಲಾಗಿತ್ತು.

ನಮ್ಮದು ಚನ್ನಪಟ್ಟಣ. ಇಷ್ಟು ಹೇಳಿದರೆ ಸಾಕು, ಉಳಿದದ್ದು ನಿಮಗೇ ಗೊತ್ತು. 2024ರ ನವೆಂಬರ್‌ನಲ್ಲಿ ಉಪಚುನಾವಣೆ ಆಯಿತಲ್ಲ, ಆಗ ನೀವೆಲ್ಲ ನಮ್ಮೂರನ್ನು ಟಿವಿಯಲ್ಲಿ ನೋಡಿದ್ದೀರಿ. ನಾವೂ ಟಿವಿಯಲ್ಲೇ ನೋಡಿದೆವು. ಬೀದಿಗಿಳಿದರೆ ಪ್ರಚಾರದ ಗಾಡಿ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

ಬೆಂಗಳೂರಿನಿಂದ ಬಂದ ವರದಿಗಾರರೆಲ್ಲರ ಕೈಯಲ್ಲೂ ಒಂದೊಂದು ಮರದ ಬೊಂಬೆ. ‘ಬೊಂಬೆನಾಡಿನ ಮಹಾಸಮರ’ ಅನ್ನದೆ ಯಾರೂ ಬಾಯಿ ತೆರೆಯುವ ಹಾಗಿರಲಿಲ್ಲ ಅಂತ ಕಾಣುತ್ತೆ. ಬೊಂಬೆಯ ಕತ್ತು ಅಲ್ಲಾಡಿಸುವುದು, ಮತದಾರ ಯಾರ ಕಡೆ ತಲೆಯಾಡಿಸುತ್ತಾನೆ ಅಂತ ಕೇಳುವುದು, ಬೊಂಬೆ ವಾಪಸ್ ಕೊಟ್ಟು ಹೊರಡುವುದು. ಅಂಗಡಿಯವನೊಬ್ಬನನ್ನು ಕೇಳಿದೆ, ವ್ಯಾಪಾರ ಜೋರಾ ಅಂತ. ‘ಎಲ್ಲಾ ಎರವಲು ಸ್ವಾಮಿ, ಕೊಂಡೋರು ಯಾರೂ ಇಲ್ಲ’ ಅಂದ. ಹಿಂದೆ ಮೈಸೂರಿಗೆ ಹೋಗುವ ಕಾರುಗಳು ಇಲ್ಲಿ ನಿಲ್ಲುತ್ತಿದ್ದವು. ಮಕ್ಕಳು ಹಟ ಹಿಡಿಯುತ್ತಿದ್ದವು, ಅಪ್ಪಂದಿರು ಪರ್ಸ್ ತೆಗೆಯುತ್ತಿದ್ದರು. 2023ರ ಮಾರ್ಚ್‌ನಲ್ಲಿ ಎಕ್ಸ್‌ಪ್ರೆಸ್‌ವೇ ಬಂತು. ಈಗ ಕಾರುಗಳು ಊರ ಆಚೆಯಿಂದಲೇ ಹಾರಿ ಹೋಗುತ್ತವೆ. ಮಗು ಹಟ ಹಿಡಿಯುವುದರೊಳಗೆ ಮದ್ದೂರು ಬಂದಿರುತ್ತೆ. ಹಳೇ ರಸ್ತೆಯಲ್ಲಿ ಕೂತು ಆಲೆ ಮರಕ್ಕೆ ಅರಗಿನ ಬಣ್ಣ ಹಚ್ಚುವವನು ಯಾವ ‘ಮತಬ್ಯಾಂಕ್’ ಅಂತ ಯಾವ ಚಾನೆಲ್ಲಿಗೂ ಹೊಳೆಯಲಿಲ್ಲ. ಹೊಳೆಯುವುದಾದರೂ ಹೇಗೆ? ಬೊಂಬೆ ಮಾಡುವವರಲ್ಲಿ ಎಲ್ಲ ಜಾತಿ, ಧರ್ಮದವರೂ ಇದ್ದಾರೆ. ಗ್ರಾಫಿಕ್ಸಿಗೆ ಕೂರುವುದಿಲ್ಲ.

ಗ್ರಾಫಿಕ್ಸ್ ಅಂದಾಗ ನೆನಪಾಯಿತು. ‘ಜಾತಿವಾರು ಮತದಾರರು’ ಅಂತ ರಾತ್ರಿ ಒಂಬತ್ತಕ್ಕೆ ಒಂದು ಬಣ್ಣದ ಚಕ್ರ ತಿರುಗುತ್ತಿತ್ತು. ಒಕ್ಕಲಿಗರು ಇಷ್ಟು, ದಲಿತರು ಇಷ್ಟು, ಮುಸ್ಲಿಮರು ಇಷ್ಟು, ಕುರುಬರು, ಬೆಸ್ತರು, ಲಿಂಗಾಯತರು ಇಷ್ಟಿಷ್ಟು. ಎಲ್ಲಾ ಸಾವಿರಕ್ಕೆ ಸರಿಯಾಗಿ, ಚಿಲ್ಲರೆ ಇಲ್ಲದ ಲೆಕ್ಕ. ದೇವರು ನಮ್ಮ ಕ್ಷೇತ್ರಕ್ಕೆ ಜನರನ್ನು ಸಗಟು ದರದಲ್ಲಿ ಕಳಿಸಿದ್ದಾನೆ. ಇನ್ನೊಂದು ಚಾನೆಲ್ ಹಾಕಿದರೆ ಬೇರೆ ಅಂಕಿ. ಎರಡು ಚಾನೆಲ್ ನಡುವೆ ಜಾಹೀರಾತು ಬರುವಷ್ಟರಲ್ಲಿ ಒಂದು ಜಾತಿಯ ಐದಾರು ಸಾವಿರ ಜನ ಕಾಣೆ. ಪೊಲೀಸರಿಗೆ ದೂರು ಕೊಡಬೇಕೇನೋ.

ಒಂದು ವಿಷಯದಲ್ಲಿ ಮಾತ್ರ ಎಲ್ಲರಿಗೂ ಒಮ್ಮತ. ಎಲ್ಲಾ ಸಮುದಾಯಗಳೂ ‘ನಿರ್ಣಾಯಕ’. ಒಕ್ಕಲಿಗರೇ ನಿರ್ಣಾಯಕ. ಬ್ರೇಕ್ ಆದಮೇಲೆ ದಲಿತರೇ ನಿರ್ಣಾಯಕ. ಮುಸ್ಲಿಂ ಮತಗಳು ನಿರ್ಣಾಯಕ. ‘ಮಹಿಳೆಯರು ಈ ಬಾರಿ ನಿರ್ಣಾಯಕ’ ಅಂತ ನಾಲ್ಕು ಜನ ಗಂಡಸರು ಕೂತು ತೀರ್ಮಾನ ಮಾಡಿದರು. ನಮ್ಮಲ್ಲಿ ಹೆಣ್ಣುಮಕ್ಕಳ ಮತವೇ ಜಾಸ್ತಿ. ಆದರೆ ಅವರ ಪರವಾಗಿ ತೆರೆಯ ಮೇಲೆ ಬಂದದ್ದು ಒಂದು ಗುಲಾಬಿ ಬಣ್ಣದ ಚಿತ್ರ, ಪಕ್ಕದಲ್ಲಿ ಗೃಹಲಕ್ಷ್ಮಿಯ ಎರಡು ಸಾವಿರ. ನಾನು ಕಾದು ಕೂತೇ ಇದ್ದೆ, ನಿರ್ಣಾಯಕ ಅಲ್ಲದವರು ಯಾರು ಅಂತ ಯಾವಾಗ ಹೇಳುತ್ತಾರೆ ಅಂತ. ಕೊನೆಗೆ ಚಕ್ರದಲ್ಲಿ ಬೂದು ಬಣ್ಣದ ಒಂದು ಸಣ್ಣ ಸೀಳು ಕಾಣಿಸಿತು. ‘ಇತರೆ’.

ಈ ಅಂಕಿ ಎಲ್ಲಿಂದ ಬರುತ್ತೆ ಗೊತ್ತಾ? ಮತದಾರರ ಪಟ್ಟಿ ತೆಗೆದು ನೋಡಿ. ಹೆಸರಿದೆ, ಅಪ್ಪನದೋ ಗಂಡನದೋ ಹೆಸರಿದೆ, ಮನೆ ನಂಬರಿದೆ, ವಯಸ್ಸಿದೆ. ಜಾತಿ ಕಾಲಂ ಇಲ್ಲ. ಹಾಗಾದರೆ ಟಿವಿಯವರಿಗೆ ಹೇಳಿದವರು ಯಾರು? ಪಕ್ಷದವರು. ಪಕ್ಷದವರಿಗೆ? ಲೋಕಲ್ ಲೀಡರು. ಲೀಡರಿಗೆ? ಹೋದ ಚುನಾವಣೆಯಲ್ಲಿ ಟಿವಿಯಲ್ಲಿ ಬಂದಿತ್ತಲ್ಲ ಸಾರ್!

ಸರ್ಕಾರದ ಪಾಡು ನೋಡಿದರೆ ಪಾಪ ಅನ್ನಿಸುತ್ತೆ. ಈ ದೇಶದಲ್ಲಿ ಎಲ್ಲರ ಜಾತಿ ಬರೆದುಕೊಂಡು ಪೂರ್ತಿ ಲೆಕ್ಕ ಹೊರಗೆ ಬಂದದ್ದು 1931ರಲ್ಲಿ, ಬ್ರಿಟಿಷರ ಕಾಲದಲ್ಲಿ. 2011ರಲ್ಲಿ ದೆಹಲಿಯವರು ಮತ್ತೆ ಬರೆದುಕೊಂಡರು, ಜಾತಿ ಅಂಕಿ ಮಾತ್ರ ಆಚೆ ಬಿಡಲಿಲ್ಲ. 2015ರಲ್ಲಿ ನಮ್ಮ ರಾಜ್ಯದಲ್ಲಿ ಕಾಂತರಾಜು ಆಯೋಗ ಮನೆಮನೆಗೆ ಮೇಷ್ಟರನ್ನು ಕಳಿಸಿತು. ಆ ಲೆಕ್ಕದ ಮೇಲಿನ ವರದಿ ಮುಖ್ಯಮಂತ್ರಿ ಕೈಗೆ ಬಂದದ್ದು 2024ರ ಫೆಬ್ರವರಿಯಲ್ಲಿ. 2025ರ ಏಪ್ರಿಲ್‌ನಲ್ಲಿ ಸಂಪುಟದ ಮುಂದೆ ಬಂತು. ಜೂನ್‌ನಲ್ಲಿ ‘ಹಳೇದಾಯ್ತು, ಹೊಸದಾಗಿ ಮಾಡಿ’ ಅಂತಾಯಿತು. ಸೆಪ್ಟೆಂಬರ್ 22ರಿಂದ ಮತ್ತೆ ಮೇಷ್ಟ್ರು, ಮತ್ತೆ ಬಾಗಿಲು, ಅರವತ್ತು ಪ್ರಶ್ನೆ. ಕೋಟಿಗಟ್ಟಲೆ ದುಡ್ಡು, ಹತ್ತು ವರ್ಷ, ಎರಡು ಸರ್ವೆ. ಇಷ್ಟೆಲ್ಲ ಆದರೂ ಸರ್ಕಾರಕ್ಕೆ ಧೈರ್ಯವಾಗಿ ಒಂದು ನಂಬರ್ ಹೇಳಲು ಆಗುವುದಿಲ್ಲ. ನಮ್ಮ ಚಾನೆಲ್ ಹುಡುಗ ಇಂದಿರಾ ಕ್ಯಾಂಟೀನಿನಲ್ಲಿ ಇಡ್ಲಿ ತಿನ್ನುತ್ತಾ ಇಡೀ ಕ್ಷೇತ್ರ ಎಣಿಸಿಬಿಟ್ಟ. ಅವನನ್ನೇ ಆಯೋಗದ ಅಧ್ಯಕ್ಷ ಮಾಡಬಹುದಿತ್ತು.

ಆನೆಗಳ ವಿಷಯ ಬೇರೆ. ನಮ್ಮ ತಾಲ್ಲೂಕಿನಲ್ಲಿ ಆನೆ ಕಾಟ ಕೇಳಬೇಡಿ, ಬಾಳೆ ತೋಟಕ್ಕೆ ಬಂದರೆ ಒಂದು ರಾತ್ರಿಗೆ ಒಂದು ವರ್ಷದ ಬೆವರು ಹೋಯಿತು. ಆದರೆ ಅವುಗಳ ಲೆಕ್ಕ ಪಕ್ಕಾ. ರಾಜ್ಯದಲ್ಲಿ 6,395 ಆನೆ ಅಂತ 2023ರಲ್ಲಿ ಹೇಳಿದರು. ಆಮೇಲೆ ಲದ್ದಿ ತಂದು, ಡಿಎನ್‌ಎ ನೋಡಿ, ಅಲ್ಲ 6,013 ಅಂತ 2025ರಲ್ಲಿ ತಿದ್ದಿದರು. ಆನೆಗಳಲ್ಲಿ ಇತರೆ ಇಲ್ಲ. ಎಲ್ಲವೂ ಆನೆಯೇ. ಮನುಷ್ಯರಿಗೂ ಈ ಪದ್ಧತಿ ತರಬೇಕು ಅಂತ ನಾನೇನೂ ಸೂಚಿಸುತ್ತಿಲ್ಲ. ಯಾರಾದರೂ ತಂದೇಬಿಟ್ಟಾರು.

ಸರಿ, ಭವಿಷ್ಯದ ಕತೆಗೆ ಬರೋಣ. ಪಂಡಿತರ ಬಳಿ ಇದ್ದ ಲೆಕ್ಕ ಇದು. 2023ರಲ್ಲಿ ಜೆಡಿಎಸ್‌ನ ಕುಮಾರಸ್ವಾಮಿಯವರಿಗೆ 96,592 ಮತ. ಬಿಜೆಪಿಯಲ್ಲಿದ್ದ ಯೋಗೇಶ್ವರ್ ಅವರಿಗೆ 80,677. ಕಾಂಗ್ರೆಸ್ಸಿಗೆ ಹದಿನೈದು ಸಾವಿರ ಚಿಲ್ಲರೆ. 2024ರಲ್ಲಿ ಜೆಡಿಎಸ್, ಬಿಜೆಪಿ ಒಂದೇ ಮನೆ. ಕೂಡಿ ನೋಡಿ. ಮೂರನೇ ಕ್ಲಾಸಿನ ಹುಡುಗನೂ ಹೇಳುತ್ತಾನೆ, ಕುಮಾರಸ್ವಾಮಿಯವರ ಮಗ ನಿಖಿಲ್ ಒಂದೂವರೆ ಲಕ್ಷದ ಮೇಲೆ ಗೆಲ್ಲಬೇಕು. ಸಣ್ಣ ತೊಡಕು ಏನಾಯಿತು ಅಂದರೆ, ಯೋಗೇಶ್ವರ್ ಅಷ್ಟರಲ್ಲಿ ಕಾಂಗ್ರೆಸ್ಸಿಗೆ ಹೋಗಿದ್ದರು. 1999ರಲ್ಲಿ ಪಕ್ಷೇತರ, ಆಮೇಲೆ ಕಾಂಗ್ರೆಸ್, ಆಮೇಲೆ ಬಿಜೆಪಿ, 2013ರಲ್ಲಿ ಸಮಾಜವಾದಿ ಪಕ್ಷದ ಸೈಕಲ್, ಮತ್ತೆ ಬಿಜೆಪಿ, ಮತ್ತೆ ಕಾಂಗ್ರೆಸ್. ಲಖನೌದ ಸೈಕಲ್ಲನ್ನು ಚನ್ನಪಟ್ಟಣದಲ್ಲಿ ಓಡಿಸಿ ಗೆದ್ದವರನ್ನು ಯಾವ ಕಾಲಂನಲ್ಲಿ ಹಾಕುತ್ತೀರಿ?

ಜಾತಿ ಸೂತ್ರ ಹಾಕೋಣ ಅಂದರೆ ಇಬ್ಬರೂ ಒಕ್ಕಲಿಗರೇ. ಅಲ್ಲಿಗೆ ಪಂಡಿತರ ಕೈ ಕಟ್ಟಿಹೋಗಬೇಕಿತ್ತು. ಹೋಗಲಿಲ್ಲ. ಒಳಪಂಗಡ ತೆಗೆದರು. ಹೋಬಳಿ ತೆಗೆದರು. ಕಾಂಗ್ರೆಸ್ಸಿನ ಜಮೀರ್ ಅಹ್ಮದ್ ಅವರು ಕುಮಾರಸ್ವಾಮಿಯವರ ಮೈಬಣ್ಣದ ಬಗ್ಗೆ ಮಾತಾಡಿದ್ದೇ ತಡ, ‘ಇಡೀ ಸಮುದಾಯ ಸಿಡಿದೆದ್ದಿದೆ’ ಅಂದರು. 91 ವರ್ಷದ ದೇವೇಗೌಡರು ಬಂದು ಹಳ್ಳಿಹಳ್ಳಿ ಸುತ್ತಿದರು, ‘ಅಲೆ ತಿರುಗಿದೆ’ ಅಂದರು. ಕೆರೆಗೆ ನೀರು ಬಂದದ್ದಕ್ಕೆ ಯಾರಾದರೂ ವೋಟು ಹಾಕಬಹುದು ಅಂತ ಮಾತ್ರ ಯಾರ ಚಕ್ರದಲ್ಲೂ ಬಣ್ಣ ಇರಲಿಲ್ಲ. ಇಲ್ಲಿ ಬೋರ್‌ವೆಲ್‌ ಬತ್ತಿದವನಿಗೆ ಕೆರೆ ಅಂದರೆ ಏನು ಅಂತ ಸ್ಟುಡಿಯೋದಲ್ಲಿ ಕೂತವರಿಗೆ ಹೇಳಿ ಸುಖವಿಲ್ಲ.

‘ಮತದಾರನ ನಾಡಿಮಿಡಿತ’ ಅನ್ನುವ ಮಾತು ದಿನಕ್ಕೆ ನೂರು ಸಲ. ನಮ್ಮ ಸೀಮೆಯಲ್ಲಿ ನಾಡಿ ಹಿಡಿಯಲು ನಿಜವಾಗಿ ಬರುವ ರಾಜಕಾರಣಿ ಒಬ್ಬರೇ, ಜಯದೇವ ಆಸ್ಪತ್ರೆಯಲ್ಲಿದ್ದ ಡಾಕ್ಟರ್ ಮಂಜುನಾಥ್. ಅವರಿಗೆ ಇದೇ ಚನ್ನಪಟ್ಟಣ ಅದೇ ವರ್ಷ ಲೋಕಸಭೆಗೆ ಬಿಜೆಪಿ ಗುರುತಿನಲ್ಲಿ ಮುನ್ನಡೆ ಕೊಟ್ಟಿತ್ತು. ಅದೇ ಜನ, ಅದೇ ಜಾತಿ, ಅದೇ ಬೂತು. ಏಪ್ರಿಲ್‌ನಲ್ಲಿ ಒಂದು, ನವೆಂಬರ್‌ನಲ್ಲಿ ಇನ್ನೊಂದು. ಮಧ್ಯೆ ಯಾರೂ ಜಾತಿ ಬದಲಾಯಿಸಿದ ಹಾಗೆ ಕಾಣಲಿಲ್ಲ.

ನವೆಂಬರ್ 13ಕ್ಕೆ ವೋಟು ಹಾಕಿದೆವು. ಕಣದಲ್ಲಿ 31 ಜನ, ಮೇಲೆ ನೋಟಾ. ಒಂದು ಯಂತ್ರಕ್ಕೆ ಹದಿನಾರು ಗುಂಡಿಯಂತೆ ಎರಡು ಯಂತ್ರ ಭರ್ತಿ. ನಮ್ಮಮ್ಮ ಆಚೆ ಬಂದು, ‘ಅದೇನೋ ಹಾರ್ಮೋನಿಯಂ ಇಟ್ಟವ್ರೆ’ ಅಂದರು. ಎಕ್ಸಿಟ್ ಪೋಲ್ ಹೇಳಲು ಮಾತ್ರ ಒಂದು ವಾರ ಕಾಯಬೇಕಾಯಿತು. ಮಹಾರಾಷ್ಟ್ರದವರು 20ಕ್ಕೆ ವೋಟು ಹಾಕಿ ಮುಗಿಸುವ ತನಕ ಹೇಳುವಂತಿಲ್ಲ, ಕಾನೂನು. ಆ ಏಳು ದಿನ ಟೀ ಅಂಗಡಿಯಲ್ಲಿ ಏನು ಸುಖ ಅಂತೀರಿ! ಟಗರಿನ ಮೇಲೆ ಬಾಜಿ, ಬೈಕಿನ ಮೇಲೆ ಬಾಜಿ. ಕೊನೆಗೆ ಎಕ್ಸಿಟ್ ಪೋಲ್ ಬಂತು, ಚನ್ನಪಟ್ಟಣ ಎನ್‌ಡಿಎಗೆ ಅಂತ ಹೇಳಿದವರೂ ಇದ್ದರು. ಮತದಾನ ಮುಗಿದ ಮೇಲೆ ಯೋಗೇಶ್ವರ್ ಅವರೇ ಅನುಮಾನದ ಮಾತಾಡಿದ್ದರು. 23ಕ್ಕೆ ಎಣಿಸಿದರೆ ಅವರೇ 25,413 ಮತಗಳಿಂದ ಗೆದ್ದಿದ್ದರು. ಗೆದ್ದವರಿಗೂ ಗೊತ್ತಿರಲಿಲ್ಲ, ಸೋತವರಿಗೂ ಗೊತ್ತಿರಲಿಲ್ಲ. ಅವತ್ತೇ ರಾತ್ರಿ ಒಂಬತ್ತಕ್ಕೆ ಅದೇ ಚಕ್ರ ಮತ್ತೆ ತಿರುಗಿತು. ‘ನಿರೀಕ್ಷೆಯಂತೆಯೇ’ ಅಂತ ಶುರು ಮಾಡಿದರು.

ಸರ್ವೆ ಯಾಕೆ ತಪ್ಪಾಗುತ್ತೆ ಅಂತ ನನಗೆ ನಮ್ಮಮ್ಮನನ್ನು ನೋಡಿದ ಮೇಲೆ ಅರ್ಥವಾಯಿತು. ಪ್ರಚಾರದ ಟೈಮಲ್ಲಿ ಒಬ್ಬ ಹುಡುಗ ಟ್ಯಾಬ್ ಹಿಡಿದು ಬಂದಿದ್ದ. ಬಿಸಿಲಲ್ಲಿ ಬೆವರಿ ನಿಂತಿದ್ದ. ಅಮ್ಮ ಮಜ್ಜಿಗೆ ಕೊಟ್ಟು, ‘ಒಂದು ಮನೆಗೆ ಎಷ್ಟು ಕೊಡ್ತಾರಪ್ಪ?’ ಅಂತ ಕೇಳಿದರು. ಅವನು ಏನೋ ಹೇಳಿದ. ‘ಅಷ್ಟೇನಾ? ಹಂಗಾದ್ರೆ ಪಕ್ಕದ ಮನೆದೂ ಬರ್ಕೋ, ಅವ್ರು ಊರಲ್ಲಿಲ್ಲ. ಎದುರು ಮನೆದೂ ಬರ್ಕೋ, ಅವ್ಳು ಬಾಗಿಲು ತೆಗೆಯಲ್ಲ’ ಅಂತ ಮೂರು ಮನೆಯ ಒಲವನ್ನು ಒಬ್ಬರೇ ಹೇಳಿ ಕಳಿಸಿದರು. ಯಾರಿಗೆ ಅಂತ ಹೇಳಿದಿರಿ ಅಂತ ಕೇಳಿದೆ. ‘ಒಂದೊಂದು ಮನೆಗೆ ಒಂದೊಂದು ಪಕ್ಷ. ಯಾರಿಗೂ ಬೇಜಾರಾಗಬಾರದು’ ಅಂದರು.

ನಗುತ್ತೀರಿ. ನಾನೂ ನಕ್ಕೆ. ಆದರೆ ಈ ಲೆಕ್ಕಾಚಾರ ಟಿವಿಯಲ್ಲೇ ಮುಗಿದು ಹೋಗಿದ್ದರೆ ಸುಮ್ನೆ ಇರುತ್ತಿದ್ದೆ. ಮುಗಿಯುವುದಿಲ್ಲ. ಹಿಂದೆ ಕಾಗದದ ಮತಪತ್ರ ಇದ್ದಾಗ ಬೇರೆ ಬೇರೆ ಬೂತಿನ ಚೀಟಿಗಳನ್ನು ಕಲಸಿ ಎಣಿಸಲು ಅವಕಾಶ ಇತ್ತು. ಈಗ ಯಂತ್ರಕ್ಕೊಂದು ಲೆಕ್ಕ, ಬೂತಿಗೊಂದು ಲೆಕ್ಕ, ಎಲ್ಲರ ಕೈಗೂ ಸಿಗುತ್ತೆ. ಕಲಸಿ ಎಣಿಸುವ ಟೋಟಲೈಸರ್ ಬೇಕು ಅಂತ ಚುನಾವಣಾ ಆಯೋಗ 2008ರಲ್ಲೇ ಕೇಳಿತ್ತು. 2015ರಲ್ಲಿ ಕಾನೂನು ಆಯೋಗವೂ ಹೂಂ ಅಂದಿತು. ಬರಲಿಲ್ಲ. ಯಾಕೆ ಬರಲಿಲ್ಲ ಅಂತ ನಮ್ಮ ಬೀದಿಯ ಚರಂಡಿಗೆ ಗೊತ್ತು. ಒಂದು ಚುನಾವಣೆ ಮುಗಿದ ಮೇಲೆ ಚರಂಡಿ ಕಟ್ಟಿಕೊಂಡಿದೆ ಅಂತ ಹೇಳಲು ಹೋದರೆ, ಒಬ್ಬ ಲೀಡರು ಜೇಬಿನಿಂದ ಕಾಗದ ತೆಗೆದ. ‘ನಿಮ್ಮ ಬೂತಲ್ಲಿ ನಮಗೆ ಬಂದಿರೋದು ಇಷ್ಟು. ನಿಮ್ಮೋರು ಯಾರಿಗೆ ಹಾಕಿದ್ದಾರೆ ಅಂತ ಗೊತ್ತು ಬಿಡಿ’ ಅಂದ.

ನಮ್ಮೋರು ಅಂದರೆ ಯಾರು? ನಮ್ಮ ಬೀದಿಯಲ್ಲಿ ಮಡಿವಾಳರ ಎರಡು ಮನೆ, ಕುಂಬಾರರದ್ದು ಒಂದು, ಆಚಾರಿಗಳದ್ದು ಮೂರು, ಮೂಲೆಯಲ್ಲಿ ಕಟಿಂಗ್ ಶಾಪಿನವರದ್ದು ಒಂದು. ನಿಮ್ಮ ಬಟ್ಟೆ ಒಗೆದವರು, ಮಡಕೆ ಮಾಡಿದವರು, ಬಾಗಿಲು ಕೆತ್ತಿದವರು, ತಲೆ ಕತ್ತರಿಸಿದವರು. ಚುನಾವಣೆಗೆ ಮುಂಚೆ ಎಣಿಸುವಾಗ ಇವರಿಗೆ ಹೆಸರೇ ಇಲ್ಲ, ಬೂದು ಬಣ್ಣದ ಸೀಳು. ಚುನಾವಣೆ ಆದಮೇಲೆ ಸಿಟ್ಟು ತೀರಿಸಿಕೊಳ್ಳಲು ಮಾತ್ರ ಮನೆ ನಂಬರ್ ಸಮೇತ ಗೊತ್ತು. ನಾಚಿಕೆ ಆಗಬೇಕು. ಸೊಳ್ಳೆ ಕಚ್ಚಿ ಮಗುವಿಗೆ ಜ್ವರ ಬಂದಾಗ ಅದು ಯಾರಿಗೆ ವೋಟು ಹಾಕಿತ್ತು ಅಂತ ಕೇಳುತ್ತೀರಾ?

ಹೋಗಲಿ ಬಿಡಿ. ಚರಂಡಿ ನಾವೇ ಕೈಯಿಂದ ದುಡ್ಡು ಹಾಕಿ ಕ್ಲೀನ್ ಮಾಡಿಸಿದೆವು. ಅದಕ್ಕೂ ಒಂದು ಗ್ರಾಫಿಕ್ಸ್ ಮಾಡಬಹುದು.

ಮಾರನೇ ದಿನ ಊಟದ ಹೊತ್ತಿಗೇ ಮತ್ತೆ ಫೋನ್. ಅದೇ ದನಿ. ನನ್ನ ಕೈ ಮುದ್ದೆಯಲ್ಲಿತ್ತು, ಅಮ್ಮ ಎತ್ತಿಕೊಂಡರು. ‘ಇಂದೇ ಚುನಾವಣೆ ನಡೆದರೆ...’

‘ಊಟ ಆಯ್ತೇನವ್ವಾ?’ ಅಂದರು ಅಮ್ಮ.

ದನಿ ನಿಲ್ಲಲಿಲ್ಲ. ಒಂದು ಒತ್ತಿ, ಎರಡು ಒತ್ತಿ ಅಂತ ಹೇಳುತ್ತಲೇ ಹೋಯಿತು. ಅಮ್ಮ ಕನ್ನಡಕ ಹುಡುಕಿ, ಹಾಕಿಕೊಂಡು, ನಿಧಾನವಾಗಿ ಎಲ್ಲಾ ಗುಂಡಿಗಳನ್ನೂ ಒಂದೊಂದು ಸಲ ಒತ್ತಿ ಫೋನ್ ಕೆಳಗಿಟ್ಟರು. ‘ಪಾಪ, ಆಗಿಂದ ಒಬ್ಳೇ ಮಾತಾಡ್ತಾವ್ಳೆ’ ಅಂದರು. ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಬಿತ್ತು.