ಆರಿದ್ರಾ ಈ ವರ್ಷವೇ ಸಿಡಿಯುತ್ತಂತೆ: ಒಂದು ಸ್ಪಷ್ಟನೆ

"ಆರಿದ್ರಾ ನಕ್ಷತ್ರ ಈ ವರ್ಷವೇ ಸಿಡಿಯುತ್ತದೆ, ಆಕಾಶದಲ್ಲಿ ಇಬ್ಬರು ಸೂರ್ಯರು ಕಾಣುತ್ತಾರೆ" ಎಂಬ ವಾಟ್ಸಾಪ್ ಮೆಸೇಜ್ ಮತ್ತೆ ಓಡಾಡುತ್ತಿದೆ. ಮುಂದೊಂದು ದಿನ ಸಿಡಿಯುವುದು ನಿಜ. ಈ ವರ್ಷ ಅನ್ನೋದು ಸುಮ್ನೆ.

ಆರಿದ್ರಾ ಅಂದರೆ ನಮ್ಮ ಮಳೆ ನಕ್ಷತ್ರವೇ, ಇಂಗ್ಲಿಷಿನಲ್ಲಿ ಬೀಟಲ್‌ಜ್ಯೂಸ್. ತೂಕ ಸೂರ್ಯನ 15 ಪಟ್ಟು ಆಸುಪಾಸು. ತೂಕ ಜಾಸ್ತಿ ಇದ್ದಷ್ಟೂ ಇಂಧನ ಬೇಗ ಖಾಲಿ. ಸೂರ್ಯನಿಗೆ ಸುಮಾರು 1,000 ಕೋಟಿ ವರ್ಷ ಆಯಸ್ಸು. ಇದು 1 ಕೋಟಿ ವರ್ಷದ ಹೊತ್ತಿಗೇ ಮುದಿಯಾಗಿ, ಉಬ್ಬಿ, ಕೆಂಪಗಾಗಿದೆ. ಆದರೂ ಸಿಡಿಯಲು ಇನ್ನೂ 1 ಲಕ್ಷ ವರ್ಷ ಹಿಡಿಯಬಹುದು ಅನ್ನೋದು ಹೆಚ್ಚಿನ ಖಗೋಳ ವಿಜ್ಞಾನಿಗಳ ಲೆಕ್ಕ.

2019ರ ಕೊನೆಗೆ ಅದು ಮಂಕಾಗಿತ್ತು, ಅಲ್ವಾ? ಅದು ಸಿಡಿಯುವ ಸೂಚನೆ ಅಲ್ಲ; ತಾನೇ ಉಗುಳಿದ ಧೂಳು ಅಡ್ಡ ಬಂದಿತ್ತು, ಅಷ್ಟೇ. ಸಿಡಿದರೂ ನೂರಾರು ಜ್ಯೋತಿರ್ವರ್ಷ ದೂರದಿಂದ ನಮಗೆ ಕಾಣುವುದು ಚಂದ್ರನಷ್ಟು ಬೆಳಕಿನ ಒಂದು ಚುಕ್ಕಿ.